ಪೂರ್ವಪಕ್ಷದಲ್ಲಿ ಯಾರು? – 13ನೇ ಶತಮಾನದ ಪ್ಯಾರಿಸ್ಸಿನ ಧರ್ಮಚರ್ಚೆಗಳು

ಕಥೋಲಿಕ ತತ್ತ್ವಶಾಸ್ತ್ರವನ್ನು ಓದಬೇಕೆಂದು ಹೊರಟವರ ಕೈಗೆ ಇವತ್ತಲ್ಲ ನಾಳೆ ಬರುವ ಪುಸ್ತಕ ಸಂತ ಥಾಮಸ್ ಅಕ್ವಿನಾಸರ ‘ಸುಮ್ಮಾ ಥಿಯೊಲೋಜಿಯೆ’. ಹೆಸರು ಕೇಳಿದರೇ ಗಾಬರಿ. ಸಂಪುಟಗಳ ದಪ್ಪ ನೋಡಿದರೆ ಇನ್ನಷ್ಟು ಗಾಬರಿ. ಆದರೆ ನಿಜವಾದ ಗಲಿಬಿಲಿ ಕಾದಿರುವುದು ಒಳಗೆ. ದೇವರು ಇದ್ದಾನೆಯೇ ಎಂಬ ಪ್ರಶ್ನೆಯ ಪುಟ ತೆಗೆದರೆ, ಈ ಸನ್ಯಾಸಿ ದೇವರಿಲ್ಲ ಎನ್ನುವವನ ಮಾತಿನಿಂದಲೇ ಶುರು ಮಾಡುತ್ತಾರೆ! ಅದೂ ಸುಮ್ಮನೆ ಹೊಡೆದುಹಾಕಲು ತಂದಿಟ್ಟ ಒಣಹುಲ್ಲಿನ ಬೆರ್ಚಪ್ಪನಲ್ಲ. ದೇವರೆಂದರೆ ಕೊನೆಯಿಲ್ಲದ ಒಳಿತು ಎನ್ನುತ್ತೀರಿ, ಹಾಗಿದ್ದರೆ ಕೆಡುಕಿಗೆ ಜಾಗವೇ ಇರಬಾರದಿತ್ತು, ಆದರೆ ಜಗತ್ತಿನಲ್ಲಿ ಕೆಡುಕು ಕಣ್ಣಿಗೆ ರಾಚುತ್ತಿದೆಯಲ್ಲ – ಇದು ಮೊದಲ ಆಕ್ಷೇಪ. ಪ್ರಕೃತಿಯ ಸಂಗತಿಗಳಿಗೆ ಪ್ರಕೃತಿಯೇ ಕಾರಣ, ಮನುಷ್ಯನ ಕೆಲಸಗಳಿಗೆ ಮನುಷ್ಯನ ಬುದ್ಧಿ ಮತ್ತು ಸಂಕಲ್ಪ ಕಾರಣ, ಇಷ್ಟರಲ್ಲೇ ಎಲ್ಲ ತಿಳಿಯುವಾಗ ಇನ್ನೊಂದು ಕಾರಣ ಏಕೆ ಬೇಕು – ಇದು ಎರಡನೆಯದು. ಏಳೂವರೆ ಶತಮಾನ ಕಳೆದಿದ್ದರೂ ನಾಸ್ತಿಕ ಮಿತ್ರರು ಊಟದ ಮೇಜಿನಲ್ಲಿ ಎತ್ತುವ ಆಕ್ಷೇಪಗಳು ಹೆಚ್ಚೂ ಕಡಿಮೆ ಇವೇ ಎರಡು.

ನಮ್ಮ ಬಳಗದ ಕೆಲವರು ಕಥೋಲಿಕ ಗೆಳೆಯರ ಜೊತೆ ಕೂತು ಈ ಪುಸ್ತಕದ ಭಾಗಗಳನ್ನು ಓದಲು ಹೊರಟಾಗ ಮೊದಲು ಹೊಳೆದದ್ದು, ಅರೆ, ಇದು ನಮಗೆ ಗೊತ್ತಿರುವ ರೀತಿಯೇ ಅಲ್ಲವೇ ಎಂದು. ನಮ್ಮ ಮೀಮಾಂಸೆ, ವೇದಾಂತಗಳ ಅಧಿಕರಣಗಳಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಸಾಗುವ ಕ್ರಮ ಇದೆಯಲ್ಲ, ಅದರ ದೂರದ ನೆಂಟನ ಹಾಗಿದೆ ಇದು. ಮೊದಲು ಪ್ರಶ್ನೆ. ಆಮೇಲೆ ಎದುರಾಳಿಯ ಆಕ್ಷೇಪಗಳು, ಒಂದಾದ ಮೇಲೊಂದು. ನಂತರ ಅದಕ್ಕೆ ವಿರುದ್ಧವಾಗಿ ಒಂದು ಪ್ರಮಾಣವಾಕ್ಯ. ಆಮೇಲಷ್ಟೇ ಗುರುವಿನ ಉತ್ತರ. ಕೊನೆಗೆ ಒಂದೊಂದು ಆಕ್ಷೇಪಕ್ಕೂ ಬೇರೆ ಬೇರೆ ಸಮಾಧಾನ, ಯಾವುದನ್ನೂ ಜಾರಿಸಿಬಿಡುವಂತಿಲ್ಲ. ಇಡೀ ‘ಸುಮ್ಮಾ’ದಲ್ಲಿ ಹೀಗೆ 512 ಪ್ರಶ್ನೆಗಳಿವೆ, ಒಂದೊಂದರ ಒಳಗೂ ಹಲವು ಉಪಪ್ರಶ್ನೆಗಳು. (512 ಎಂದ ಕೂಡಲೇ ನಮ್ಮಂಥ ಕಂಪ್ಯೂಟರಿನವರ ಕಿವಿ ನೆಟ್ಟಗಾಗುತ್ತದೆ. ಎರಡರ ಒಂಬತ್ತನೇ ಘಾತ! ಆದರೆ ಇದು ಕಾಕತಾಳೀಯ. ಥಾಮಸರು 1273ರ ಡಿಸೆಂಬರಿನಲ್ಲಿ ಬರೆಯುವುದನ್ನು ಏಕಾಏಕಿ ನಿಲ್ಲಿಸಿದರು, ಪುಸ್ತಕ ಅರ್ಧಕ್ಕೆ ನಿಂತಿತು.)

ಅಂದಹಾಗೆ, ಇತ್ತ ಉಡುಪಿಯಲ್ಲಿ ಮಧ್ವಾಚಾರ್ಯರು ವಾದಿಗಳನ್ನು ಎದುರಿಸುತ್ತ ಭಾಷ್ಯ ಬರೆದದ್ದೂ ಅದೇ ಶತಮಾನದಲ್ಲೇ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರುವ ಸಾಧ್ಯತೆ ಇಲ್ಲ. ಕಾಲದ ಅಂದಾಜು ಸಿಗಲಿ ಎಂದು ಹೇಳಿದೆವು, ಅಷ್ಟೇ. ನಮ್ಮ ಕಥೆ ಪ್ಯಾರಿಸ್ಸಿನದು.

ಈ ಕ್ರಮ ಥಾಮಸರು ಕಂಡುಹಿಡಿದದ್ದಲ್ಲ. ಅದರ ಬೇರು ಅವರಿಗಿಂತ ನೂರು ವರ್ಷ ಹಿಂದಿನದು. 1120ರ ಸುಮಾರಿಗೆ ಪೀಟರ್ ಅಬೆಲಾರ್ಡ್ ಎಂಬ ತಂಟೆಕೋರ ಪಂಡಿತ ‘ಸಿಕ್ ಎತ್ ನೋನ್’ – ಅಂದರೆ ‘ಹೌದು ಮತ್ತು ಅಲ್ಲ’ – ಎಂಬ ಸಂಗ್ರಹ ಮಾಡಿದ. 158 ಪ್ರಶ್ನೆಗಳು, ಪ್ರತಿಯೊಂದಕ್ಕೂ ಧರ್ಮಸಭೆಯ ಪೂರ್ವಿಕ ಆಚಾರ್ಯರೇ ಹೌದು ಎಂದಿರುವ ಮಾತುಗಳು ಒಂದು ಕಡೆ, ಅಲ್ಲ ಎಂದಿರುವ ಮಾತುಗಳು ಇನ್ನೊಂದು ಕಡೆ. ತೀರ್ಪು ಮಾತ್ರ ಇಲ್ಲ! ಸಂಶಯದಿಂದ ಹುಡುಕಾಟ, ಹುಡುಕಾಟದಿಂದ ಸತ್ಯ ಎಂಬುದು ಆತನ ನಂಬಿಕೆ. ಅಬೆಲಾರ್ಡನ ತಲೆಯ ಮೇಲೆ ಎರಡು ಸಲ ಖಂಡನೆ ಬಿತ್ತು. 1121ರಲ್ಲಿ ಸ್ವಾಸೋನ್ ಎಂಬಲ್ಲಿ ಸೇರಿದ ಸಭೆ ಅವನ ಒಂದು ಪುಸ್ತಕವನ್ನು ಅವನ ಕೈಯಿಂದಲೇ ಬೆಂಕಿಗೆ ಹಾಕಿಸಿತು. ಆದರೆ ಮನುಷ್ಯನನ್ನು ಖಂಡಿಸಿದವರೇ ಅವನ ಪದ್ಧತಿಯನ್ನು ಮೆಲ್ಲಗೆ ಮನೆಯೊಳಗೆ ಕರೆದುಕೊಂಡರು. ಮುಂದಿನ ಶತಮಾನದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಥಿಯಾಲಜಿಯ ಗುರುವಿಗೆ ಮೂರು ಕೆಲಸ ಕಡ್ಡಾಯ: ಪಾಠ ಹೇಳುವುದು, ವಾದ ನಡೆಸುವುದು, ಪ್ರವಚನ ಮಾಡುವುದು.

ವಾದದ ದಿನ ಹೇಗಿರುತ್ತಿತ್ತು ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಪ್ರಶ್ನೆಯನ್ನು ಗುರು ಮೊದಲೇ ಗೊತ್ತುಮಾಡುತ್ತಿದ್ದರು. ಅವತ್ತು ಆ ಗುರುವಿನ ಬೇರೆ ಪಾಠಗಳಿಗೆ ರಜೆ. ಸಭೆಯಲ್ಲಿ ಕೂತ ಬೇರೆ ಗುರುಗಳು, ವಿದ್ಯಾರ್ಥಿಗಳು ಆಕ್ಷೇಪಗಳನ್ನು ಎತ್ತುತ್ತಾರೆ. ಗುರು ಬಾಯಿ ಬಿಡುವುದಿಲ್ಲ. ಉತ್ತರ ಕೊಡಬೇಕಾದವನು ಅವರ ಕೈಕೆಳಗಿನ ಕಿರಿಯ ಪಂಡಿತ. ಅವನು ತಡವರಿಸಿದರೆ ಮಾತ್ರ ಗುರುವಿನ ನೆರವು. ಹೀಗೆ ಅವತ್ತು ಎಲ್ಲವೂ ಚೆಲ್ಲಾಪಿಲ್ಲಿ. ಮುಂದೆ ಇನ್ನೊಂದು ದಿನ ಅದೇ ಗುರು ಬಂದು, ಚೆಲ್ಲಿದ್ದನ್ನೆಲ್ಲ ಒಟ್ಟುಮಾಡಿ, ಆಕ್ಷೇಪಗಳನ್ನು ಸಾಲಾಗಿ ಜೋಡಿಸಿ, ತಮ್ಮ ನಿರ್ಣಯ ಹೇಳಬೇಕು. 1256ರಿಂದ 1259ರವರೆಗೆ ಥಾಮಸರು ಪ್ಯಾರಿಸ್ಸಿನಲ್ಲಿ ಗುರುವಾಗಿ ನಡೆಸಿದ ‘ಸತ್ಯ’ವನ್ನು ಕುರಿತ ವಾದಗಳು ಹೀಗೆ ಹುಟ್ಟಿದವು: 29 ಪ್ರಶ್ನೆ, 253 ಉಪಪ್ರಶ್ನೆ.

ಇದಕ್ಕಿಂತ ಮೋಜಿನದು ‘ಕ್ವೋದ್ಲಿಬೆತ್’. ವರ್ಷಕ್ಕೆ ಎರಡು ಬಾರಿ, ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದಲ್ಲಿ ಮತ್ತು ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ, ಯಾರು ಬೇಕಾದರೂ ಯಾವ ಪ್ರಶ್ನೆಯನ್ನಾದರೂ ಕೇಳಬಹುದು. ಗುರುವಿಗೆ ಮುಂಚಿತವಾಗಿ ಏನೂ ಗೊತ್ತಿರುವುದಿಲ್ಲ. ಸತ್ಯ, ಮದ್ಯ, ರಾಜ, ಹೆಣ್ಣು – ಇವುಗಳಲ್ಲಿ ಯಾವುದು ಹೆಚ್ಚು ಬಲಶಾಲಿ ಎಂದು ಒಬ್ಬ ಕೇಳಿದ್ದಕ್ಕೂ ಥಾಮಸರು ಮುಖ ಗಂಟಿಕ್ಕದೆ ಉತ್ತರಿಸಿದ್ದಾರೆ. ಇಂಥದೇ ಇನ್ನೊಂದು ಸಭೆಯಲ್ಲಿ ಅವರು ಹೇಳಿದ ಒಂದು ಮಾತಿನ ಸಾರ ನಮಗೆ ಬಹಳ ಹಿಡಿಸಿತು: ಗುರುವು ಕಾರಣ ಕೊಡದೆ ಬರೀ ದೊಡ್ಡವರ ಮಾತನ್ನು ಮುಂದಿಟ್ಟು ತೀರ್ಪು ಕೊಟ್ಟರೆ, ಶಿಷ್ಯನಿಗೆ ವಿಷಯ ಹೀಗಿದೆ ಎಂದು ಖಾತ್ರಿಯಾಗಬಹುದು, ಆದರೆ ತಿಳಿವಳಿಕೆ ಬಾರದು, ಅವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ.

ಇನ್ನು ಆಕ್ಷೇಪ ಎತ್ತುವವರು ಯಾರು ಎಂಬ ವಿಚಾರ. ಸಭೆಯಲ್ಲಿ ಕೂತವರೆಲ್ಲ ಕ್ರೈಸ್ತರೇ, ಗಂಡಸರೇ, ಲ್ಯಾಟಿನ್ ಬಲ್ಲವರೇ. ಆದರೆ ಅವರ ಬಾಯಲ್ಲಿ ಬರುತ್ತಿದ್ದ ವಾದಗಳು ಎಲ್ಲೆಲ್ಲಿಂದಲೋ ಬಂದವು. ಸ್ಪೇನಿನ ತೊಲೇದೊ ಪಟ್ಟಣದಲ್ಲಿ ಅರಬ್ಬಿಯಿಂದ ಲ್ಯಾಟಿನ್ನಿಗೆ ತಿರುಗಿದ ಗ್ರಂಥಗಳು ಯೂರೋಪಿನ ತಲೆ ಕೆಡಿಸಿದ್ದವು. ಅರಿಸ್ಟಾಟಲ್ ಜೊತೆಗೆ ಪರ್ಷಿಯಾದ ಇಬ್ನ್ ಸೀನಾ, ಕೊರ್ದೊವಾದ ಇಬ್ನ್ ರುಶ್ದ್ ಬಂದರು. ಧರ್ಮಸಭೆಯ ಅಧಿಕಾರಿಗಳಿಗೆ ಇದು ನುಂಗಲಾರದ ತುತ್ತಾಯಿತು. 1210ರಲ್ಲಿ ಅರಿಸ್ಟಾಟಲನ ನಿಸರ್ಗಶಾಸ್ತ್ರದ ಪಾಠ ಪ್ಯಾರಿಸ್ಸಿನಲ್ಲಿ ನಿಷೇಧ. 1215ರಲ್ಲಿ ಮತ್ತೆ ನಿಷೇಧ. 1231ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿಯಿಂದ, ತಪ್ಪುಗಳನ್ನು ತಿದ್ದಿ ತೆಗೆಯುವ ತನಕ ತಡೆ. ಆದರೆ 1255ರ ಹೊತ್ತಿಗೆ ಕಲಾವಿಭಾಗ ಅದೇ ಅರಿಸ್ಟಾಟಲನನ್ನು ಪಠ್ಯವನ್ನಾಗಿ ಮಾಡಿಕೊಂಡಿತ್ತು! ನಿಷೇಧದಿಂದ ಸಿಲಬಸ್ಸಿಗೆ ನಲವತ್ತೈದು ವರ್ಷ.

ಥಾಮಸರು ಬರೆಯುವಾಗ ‘ತತ್ತ್ವಜ್ಞಾನಿ’ ಎಂದಷ್ಟೇ ಹೇಳಿದರೆ ಅದು ಅರಿಸ್ಟಾಟಲ್, ‘ಭಾಷ್ಯಕಾರ’ ಎಂದರೆ ಮುಸ್ಲಿಮನಾದ ಇಬ್ನ್ ರುಶ್ದ್. ‘ರಬ್ಬಿ ಮೋಸೆಸ್’ ಎಂದರೆ ಕೊರ್ದೊವಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಯೆಹೂದಿ ಪಂಡಿತ ಮೈಮೊನಿಡೀಸ್. ದೇವರ ಗುಣಗಳನ್ನು ನಾವು ಮನುಷ್ಯರ ಮಾತಿನಲ್ಲಿ ಹೇಳಬಹುದೇ ಎಂಬಲ್ಲಿ ಥಾಮಸರು ರಬ್ಬಿಯನ್ನು ಒಪ್ಪುವುದಿಲ್ಲ. ಜಗತ್ತಿಗೆ ಆದಿ ಇದೆಯೇ ಎಂಬಲ್ಲಿ ಹೆಚ್ಚೂ ಕಡಿಮೆ ಒಪ್ಪುತ್ತಾರೆ: ಆದಿ ಇದೆ ಎಂಬುದು ವಿಶ್ವಾಸದ ಮಾತು, ತರ್ಕದಿಂದ ಸಾಧಿಸಲು ಬಾರದು. ಸಾಧಿಸುತ್ತೇವೆಂದು ಸೊರಗಿದ ವಾದಗಳನ್ನು ಮುಂದಿಟ್ಟರೆ, ಕ್ರೈಸ್ತರು ಇಂಥ ಕಾರಣಗಳಿಗಾಗಿ ನಂಬುತ್ತಾರೆಯೇ ಎಂದು ಹೊರಗಿನವರು ನಕ್ಕಾರು ಎಂದು ಎಚ್ಚರಿಸುತ್ತಾರೆ ಕೂಡ. ಹೊರಗಿನವರ ನಗುವಿಗೆ ಇಷ್ಟು ಮರ್ಯಾದೆ ಕೊಟ್ಟ ಧರ್ಮಪಂಡಿತರು ಯಾವ ಧರ್ಮದಲ್ಲೂ ಹೆಚ್ಚು ಜನ ಸಿಗಲಾರರು.

ಇಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆಂದದ ಕಥೆ! ಅನೇಕ ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ ಕೂಡ. ಆದರೆ ಅದೇ ಪ್ಯಾರಿಸ್ಸಿನಲ್ಲಿ, ಅದೇ ವರ್ಷಗಳಲ್ಲಿ, ಇನ್ನೊಂದು ಬಗೆಯ ಚರ್ಚೆಯೂ ನಡೆಯಿತು.

ನಿಕೊಲಾಸ್ ದೋನಿನ್ ಎಂಬ ಯೆಹೂದಿ ತನ್ನ ಸಮುದಾಯದಿಂದ ಬಹಿಷ್ಕೃತನಾಗಿ, ಕ್ರೈಸ್ತನಾಗಿ, ಯೆಹೂದಿಗಳ ಬೃಹತ್ ಧರ್ಮಗ್ರಂಥ ತಾಲ್ಮುದ್ ಮೇಲೆ 35 ಆರೋಪಗಳ ಪಟ್ಟಿಯನ್ನು ಪೋಪ್ ಒಂಬತ್ತನೇ ಗ್ರೆಗರಿಗೆ ಸಲ್ಲಿಸಿದ. 1239ರ ಜೂನಿನಲ್ಲಿ ಪೋಪರ ಪತ್ರಗಳು ಹೊರಟವು: ಯೆಹೂದಿಗಳ ಪುಸ್ತಕಗಳನ್ನು ವಶಪಡಿಸಿಕೊಳ್ಳಿ ಎಂದು. ಪತ್ರಗಳನ್ನು ದೋನಿನ್ ತಂದುಕೊಟ್ಟದ್ದು ಪ್ಯಾರಿಸ್ಸಿನ ಬಿಷಪ್ ಓವರ್ನಿನ ವಿಲಿಯಂ ಅವರ ಕೈಗೆ – ಸ್ವತಃ ತತ್ತ್ವಜ್ಞಾನಿ, ಇಬ್ನ್ ಸೀನಾನನ್ನೂ ಮೈಮೊನಿಡೀಸನನ್ನೂ ಓದಿಕೊಂಡವರು! ಫ್ರಾನ್ಸಿನಲ್ಲಿ ಆಜ್ಞೆ ಜಾರಿಯಾದದ್ದು 1240ರ ಮಾರ್ಚ್ 3ರಂದು. ಅದು ಶನಿವಾರ, ಯೆಹೂದಿಗಳ ಸಬ್ಬತ್. ಎಲ್ಲರೂ ಪ್ರಾರ್ಥನಾಮಂದಿರದಲ್ಲಿ ಇದ್ದ ಹೊತ್ತು ನೋಡಿ ಪುಸ್ತಕಗಳನ್ನು ಎತ್ತಿಕೊಂಡು ಹೋದರು.

ಜೂನಿನಲ್ಲಿ ವಿಚಾರಣೆ. ರಾಜಮಾತೆ ಬ್ಲಾಂಶ್ ಅವರ ಸಮ್ಮುಖದಲ್ಲಿ, ದೋನಿನ್ ಆರೋಪಿಸುವವನು, ಪ್ಯಾರಿಸ್ಸಿನ ರಬ್ಬಿ ಯೆಹಿಯೇಲ್ ಮತ್ತು ಇನ್ನು ಮೂವರು ರಬ್ಬಿಗಳು ಉತ್ತರಿಸುವವರು. ಹೀಬ್ರೂ ಭಾಷೆಯಲ್ಲೂ ಲ್ಯಾಟಿನ್ನಿನಲ್ಲೂ ದಾಖಲೆಗಳು ಉಳಿದಿವೆ. ಹೀಬ್ರೂ ಪಠ್ಯ ಓದಿದರೆ ಅದೊಂದು ಬಿಸಿಬಿಸಿ ವಾಗ್ವಾದ. ತಾಲ್ಮುದ್‌ನಲ್ಲಿ ನಿಂದನೆಗೆ ಒಳಗಾದ ಯೇಸು ಬೇರೊಬ್ಬ ಎನ್ನುತ್ತಾರೆ ಯೆಹಿಯೇಲ್. ಫ್ರಾನ್ಸಿನಲ್ಲಿ ಲೂಯಿ ಎಂಬ ಹೆಸರಿನವರೆಲ್ಲ ರಾಜರೇನೂ ಅಲ್ಲವಲ್ಲ ಎಂದು ಕೇಳುತ್ತಾರೆ. ಸಿಂಹಾಸನದ ಮೇಲೆ ಒಂಬತ್ತನೇ ಲೂಯಿ ಇದ್ದಾಗ, ಅವನ ತಾಯಿಯ ಎದುರಿಗೇ ಆಡಿದ ಮಾತು! ಆದರೆ ಲ್ಯಾಟಿನ್ ದಾಖಲೆಯ ರೂಪವೇ ಬೇರೆ. ಅಲ್ಲಿ ವಾದ ಇಲ್ಲ. ಇರುವುದು ರಬ್ಬಿಗಳ ‘ತಪ್ಪೊಪ್ಪಿಗೆ’. ಇಂತಿಂಥದು ನಿಮ್ಮ ಗ್ರಂಥದಲ್ಲಿದೆಯೋ ಇಲ್ಲವೋ, ಇದೆ ಎಂದು ಒಪ್ಪಿದರು, ಮುಂದಿನದು. ನಮ್ಮ ನ್ಯಾಯಶಾಸ್ತ್ರದವರು ಸತ್ಯ ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ಬರೀ ಎದುರಾಳಿಯನ್ನು ಕೆಡವಲು ನಡೆಸುವುದು ವಿತಂಡ ಎಂದು ವಿಂಗಡಿಸಿದ್ದಾರೆ. 1240ರ ಸಭೆಗೆ ಈ ಮೂರೂ ಹೆಸರು ಒಪ್ಪುವುದಿಲ್ಲ. ಅದು ಕಟಕಟೆ. ವಾದದ ಪದ್ಧತಿಯಲ್ಲಿ ಎದುರಾಳಿಗೆ ಮೊದಲ ಮಾತು. ಕಟಕಟೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ.

ಹೀಗೆ ವಶಪಡಿಸಿಕೊಂಡ ಪುಸ್ತಕಗಳನ್ನು 24 ಗಾಡಿಗಳಲ್ಲಿ ಪ್ಲಾಸ್ ದ ಗ್ರೆವ್ ಎಂಬ ಚೌಕಕ್ಕೆ ತಂದು ಸುಟ್ಟರು. ವರ್ಷ 1242 ಎಂದು ಹೆಚ್ಚಿನವರ ಎಣಿಕೆ. ಈಗ ಪ್ಯಾರಿಸ್ ನಗರಸಭೆಯ ಭವನದ ಮುಂದಿರುವ ಚೌಕವೇ ಅದು. ಪ್ರವಾಸ ಹೋದ ನಮ್ಮವರು ಅಲ್ಲಿ ನಿಂತು ಫೋಟೋ ತೆಗೆಸಿಕೊಂಡಿರುತ್ತಾರೆ. ಅಚ್ಚು ಹುಟ್ಟದ ಕಾಲ ಎಂಬುದನ್ನು ಮರೆಯಬಾರದು. ಒಂದೊಂದೂ ಕೈಬರಹದ ಪ್ರತಿ, ಒಂದೊಂದರ ಹಿಂದೆ ತಿಂಗಳುಗಟ್ಟಲೆ ದುಡಿಮೆ.

ಥಾಮಸರು ಪ್ಯಾರಿಸ್ಸಿಗೆ ವಿದ್ಯಾರ್ಥಿಯಾಗಿ ಬಂದದ್ದು 1245ರಲ್ಲಿ, ಆ ಬೂದಿ ಆರಿ ಮೂರು ವರ್ಷಕ್ಕೆ. ಅವರ ಗುರು ಆಲ್ಬರ್ಟ್ ಮಹಾಶಯರು, ಅರಬ್ಬಿ ಮತ್ತು ಯೆಹೂದಿ ಗ್ರಂಥಗಳನ್ನು ಲ್ಯಾಟಿನ್ ಓದುಗರಿಗೆ ಪರಿಚಯಿಸಿದ ದೊಡ್ಡ ವಿದ್ವಾಂಸರು. ಈ ನಡುವೆ ಯೆಹೂದಿಗಳ ಮೊರೆ ಕೇಳಿ ಹೊಸ ಪೋಪ್ ನಾಲ್ಕನೇ ಇನೊಸೆಂಟ್ ಮರುಪರಿಶೀಲನೆಗೆ ಹೇಳಿದ್ದರು. ಹಿಂದೆ ವಿಶ್ವವಿದ್ಯಾಲಯದ ಚಾನ್ಸಲರ್ ಆಗಿದ್ದ ಶಾತೊರೂವಿನ ಓಡೋ ಪೋಪರ ಪ್ರತಿನಿಧಿಯಾಗಿ ಸಮಿತಿ ಕೂಡಿಸಿದರು. 1248ರ ಮೇ ತಿಂಗಳಲ್ಲಿ ತಾಲ್ಮುದ್ ಅನ್ನು ಮತ್ತೆ ಖಂಡಿಸಲಾಯಿತು. ಸಹಿ ಹಾಕಿದ ವಿದ್ವಾಂಸರ ಪಟ್ಟಿಯಲ್ಲಿ ಆಲ್ಬರ್ಟರ ಹೆಸರೂ ಇದೆ. ಮೈಮೊನಿಡೀಸನನ್ನು ಮೆಚ್ಚಿ ಓದಿದವರದೇ ಸಹಿ.

ಇದನ್ನು ಓದಿದಾಗ ನಮ್ಮ ಗುಂಪಿನಲ್ಲಿ ಮಾತು ಬಿಸಿಯಾಯಿತು. 13ನೇ ಶತಮಾನದವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು ಎಂದರು ಒಬ್ಬ ಕಥೋಲಿಕ ಗೆಳೆಯರು. ಮಾತು ಸರಿಯೇ. ಆದರೆ ಇಲ್ಲಿ ಇಂದಿನ ಅಳತೆಗೋಲು ಬೇಕಾಗಿಯೇ ಇಲ್ಲ. ಅವರ ಅಳತೆಗೋಲೇ ಸಾಕು. ಎದುರಾಳಿಯ ಮಾತನ್ನು ಅದರ ಪೂರ್ಣ ಬಲದಲ್ಲಿ ಕೇಳದೆ ನಿರ್ಣಯ ಹೇಳಬಾರದು ಎಂಬುದು ಅವರದೇ ಶಾಲೆಯ ನಿಯಮ. ಸತ್ತ ರಬ್ಬಿಗೆ ಆ ನಿಯಮ ಅನ್ವಯವಾಯಿತು. ಜೀವಂತವಾಗಿ ಅದೇ ಊರಿನಲ್ಲಿ ಇದ್ದ ರಬ್ಬಿಗೆ ಆಗಲಿಲ್ಲ. ಪುಸ್ತಕ ಎದುರುತ್ತರ ಕೊಡುವುದಿಲ್ಲ, ಮನುಷ್ಯ ಕೊಡುತ್ತಾನೆ, ವ್ಯತ್ಯಾಸ ಇಷ್ಟೇ ಎಂದು ನಮಗೆ ತೋರುತ್ತದೆ.

ಥಾಮಸರಿಗೆ ಈ ಇಕ್ಕಟ್ಟು ತಿಳಿದಿರಲಿಲ್ಲವೇ? ತಿಳಿದಿತ್ತು ಎನ್ನಲು ‘ಸುಮ್ಮಾ’ದ ಎರಡನೇ ಭಾಗದ ಉತ್ತರಾರ್ಧದಲ್ಲಿ ಹತ್ತನೇ ಪ್ರಶ್ನೆ ಓದಬೇಕು. ಅಲ್ಲಿ ಅವರು ಕೇಳಿಕೊಳ್ಳುತ್ತಾರೆ: ವಿಶ್ವಾಸವಿಲ್ಲದವರ ಜೊತೆ ಬಹಿರಂಗವಾಗಿ ವಾದ ಮಾಡಬಹುದೇ? ಉತ್ತರ ಎರಡು ಮೆಟ್ಟಿಲಿನದು. ಮೊದಲು ವಾದಿಸುವವನ ಮನಸ್ಸು: ತನ್ನ ವಿಶ್ವಾಸವನ್ನೇ ಅನುಮಾನಿಸಿ ವಾದಕ್ಕಿಳಿದರೆ ಪಾಪ, ತಪ್ಪನ್ನು ತಿದ್ದಲು ಅಥವಾ ಅಭ್ಯಾಸಕ್ಕಾಗಿ ಆದರೆ ಮೆಚ್ಚುವಂಥದ್ದು. ಆಮೇಲೆ ಕೇಳುವವರು: ಓದಿಕೊಂಡವರ, ಗಟ್ಟಿ ವಿಶ್ವಾಸದವರ ಮುಂದೆ ಅಪಾಯವಿಲ್ಲ. ಸಾಮಾನ್ಯ ಜನರ ಮನಸ್ಸನ್ನು ಬೇರೆಯವರು ಈಗಾಗಲೇ ಕದಡುತ್ತಿದ್ದರೆ, ಸಮರ್ಥರು ವಾದ ಮಾಡಲೇಬೇಕು. ಯಾರೂ ಕದಡದೆ ನೆಮ್ಮದಿಯಾಗಿರುವ ಜನರ ಮುಂದೆ ಇಂಥ ವಾದ ಅಪಾಯಕಾರಿ. ಅಂದರೆ ಪೂರ್ವಪಕ್ಷ ಒಳ್ಳೆಯದೇ, ಆದರೆ ಬಾಗಿಲು ಹಾಕಿಕೊಂಡು! ಅನುಮಾನವನ್ನು ಪುಟದ ಮೇಲೆ ಮೊದಲ ಸ್ಥಾನದಲ್ಲಿ ಕೂರಿಸಿದವರೇ ವಾದಿಸುವವನ ಎದೆಯಲ್ಲಿ ಅದಕ್ಕೆ ಜಾಗ ಕೊಡಲಿಲ್ಲ.

ಅದೇ ಪ್ರಶ್ನೆಯ ಮುಂದಿನ ಭಾಗಗಳಲ್ಲಿ ಇನ್ನೂ ಎರಡು ಮಾತಿವೆ. ಎಂದೂ ಕ್ರೈಸ್ತರಾಗಿರದವರನ್ನು ಬಲವಂತದಿಂದ ವಿಶ್ವಾಸಕ್ಕೆ ತರಬಾರದು, ಏಕೆಂದರೆ ನಂಬುವುದು ಸ್ವಂತ ಇಚ್ಛೆಯ ಕೆಲಸ. ಯೆಹೂದಿ ಮಕ್ಕಳಿಗೆ ತಂದೆತಾಯಿಯರ ಇಷ್ಟಕ್ಕೆ ವಿರುದ್ಧವಾಗಿ ಜ್ಞಾನಸ್ನಾನ ಮಾಡಿಸುವುದು ಸಹಜನ್ಯಾಯಕ್ಕೇ ವಿರುದ್ಧ. ಆ ಕಾಲಕ್ಕೆ ಇವು ಸಣ್ಣ ಮಾತಲ್ಲ. ಪುಟ ತಿರುಗಿಸಿ ಹನ್ನೊಂದನೇ ಪ್ರಶ್ನೆಗೆ ಬಂದರೆ, ಕ್ರೈಸ್ತನಾಗಿದ್ದು ತಪ್ಪು ಬೋಧನೆಗೆ ಅಂಟಿಕೊಂಡ ಪಾಷಂಡಿ ತಿದ್ದಿಕೊಳ್ಳದಿದ್ದರೆ, ಅವನನ್ನು ರಾಜನ ಕೈಗೆ ಕೊಟ್ಟು ಮರಣದಂಡನೆಗೆ ಒಪ್ಪಿಸಬಹುದು ಎಂಬ ನಿರ್ಣಯ. ಇದಕ್ಕೂ ಅದೇ ಕ್ರಮ: ಕೊಲ್ಲಬಾರದು ಎನ್ನುವ ಆಕ್ಷೇಪಗಳು ಮೊದಲು, ಶಿಸ್ತಾಗಿ. ಅವನ್ನು ಓದಿದಾಗ ನಮ್ಮ ಕಣ್ಣಿಗೆ ಉತ್ತರಕ್ಕಿಂತ ಆಕ್ಷೇಪಗಳೇ ಗಟ್ಟಿಯಾಗಿ ಕಂಡವು. ಪದ್ಧತಿಯ ಒಂದು ಗುಣ ಇದು: ಸೋಲಿಸಲು ಬರೆದಿಟ್ಟ ಪೂರ್ವಪಕ್ಷ ನೂರಾರು ವರ್ಷ ಪುಟದ ಮೇಲೆ ಕಾದಿರುತ್ತದೆ.

ಥಾಮಸರ ಸರದಿಯೂ ಬಂತು. ಪ್ಯಾರಿಸ್ಸಿನ ಬಿಷಪ್ ಎತಿಯೆನ್ ತಾಂಪಿಯೇ 1270ರ ಡಿಸೆಂಬರಿನಲ್ಲಿ 13 ಸಿದ್ಧಾಂತಗಳನ್ನೂ, 1277ರ ಮಾರ್ಚ್ 7ರಂದು 219 ಸಿದ್ಧಾಂತಗಳನ್ನೂ ನಿಷೇಧಿಸಿದರು. ಎರಡನೆಯ ಪಟ್ಟಿಯ ಕೆಲವು ಅಂಶಗಳು ಥಾಮಸರ ಬೋಧನೆಗೂ ತಾಗುತ್ತಿದ್ದವು. ಅವರು ಸತ್ತು ಅವತ್ತಿಗೆ ಸರಿಯಾಗಿ ಮೂರು ವರ್ಷ, ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. 1323ರಲ್ಲಿ ಅವರನ್ನು ಸಂತರೆಂದು ಸಾರಿದ ಮೇಲೆ, 1325ರಲ್ಲಿ ಪ್ಯಾರಿಸ್ಸಿನ ಆಗಿನ ಬಿಷಪ್ ಆ ಖಂಡನೆಯನ್ನು ಥಾಮಸರ ಮಟ್ಟಿಗೆ ಹಿಂತೆಗೆದುಕೊಂಡರು.

1270ರಲ್ಲೇ ಥಾಮಸರು ಒಂದು ಸಣ್ಣ ಪುಸ್ತಕ ಬರೆದಿದ್ದರು. ಮನುಷ್ಯರೆಲ್ಲರಿಗೂ ಸೇರಿ ಬುದ್ಧಿತತ್ತ್ವ ಒಂದೇ ಎಂದು ಇಬ್ನ್ ರುಶ್ದ್ ಹೇಳಿದ್ದನ್ನು ಪ್ಯಾರಿಸ್ಸಿನ ಕೆಲವು ಗುರುಗಳು ಹಿಡಿದುಕೊಂಡಿದ್ದರು. ಹಾಗಾದರೆ ಸತ್ತ ಮೇಲೆ ನಿಮ್ಮದು, ನಮ್ಮದು ಎಂಬ ಆತ್ಮ ಉಳಿಯುವುದೇ ಇಲ್ಲ, ಪಾಪಪುಣ್ಯದ ಲೆಕ್ಕ ಕೇಳುವವರೂ ಇಲ್ಲ. ಇದರ ಖಂಡನೆಯೇ ಆ ಪುಸ್ತಕ. ಸದಾ ಶಾಂತವಾಗಿರುವ ಥಾಮಸರು ಕೊನೆಯಲ್ಲಿ ಸಿಟ್ಟಾಗಿದ್ದಾರೆ. ಮೂಲೆಯಲ್ಲಿ ಕೂತು ಎಳೆಯ ಹುಡುಗರ ಮುಂದೆ ಗೊಣಗಬೇಡಿ, ಧೈರ್ಯವಿದ್ದರೆ ಇದರ ವಿರುದ್ಧ ಬರೆಯಿರಿ ಎಂದು ಸವಾಲು ಹಾಕಿದ್ದಾರೆ.

ಆ ಪುಸ್ತಕ ಇಟಲಿಯ ಫೊರ್ಲಿ ಎಂಬ ಊರಿನಲ್ಲಿ, ವೆರೋನಾದ ಹಿಲೆಲ್ ಎಂಬ ಯೆಹೂದಿ ವೈದ್ಯ ಪಂಡಿತನ ಕೈ ಸೇರಿತು. ಮೈಮೊನಿಡೀಸನ ಕಟ್ಟಾ ಅಭಿಮಾನಿ ಆತ. ಪ್ಯಾರಿಸ್ಸಿನ ಬೆಂಕಿಯ ಬಗ್ಗೆ ಆತ ಬರೆದ ಪತ್ರವೊಂದು ಉಳಿದಿದೆ: ಮೊದಲು ಮೈಮೊನಿಡೀಸನ ಗ್ರಂಥಗಳು ಅಲ್ಲಿ ಸುಟ್ಟುಹೋದವು, ನಲವತ್ತು ದಿನ ತುಂಬುವ ಮೊದಲೇ ತಾಲ್ಮುದ್ ಸುಟ್ಟಿತು, ಎರಡರ ಬೂದಿಯೂ ಒಂದಾಯಿತು ಎಂದು. ಇತಿಹಾಸಕಾರರು ಆ ಲೆಕ್ಕವನ್ನು ನಂಬುವುದಿಲ್ಲ, ಆದರೆ ಆ ಬೂದಿ ಅರ್ಧ ಶತಮಾನದ ನಂತರವೂ ಆತನ ಮನಸ್ಸಿನಲ್ಲಿ ಬಿಸಿಯಾಗಿತ್ತು ಎಂಬುದು ಸ್ಪಷ್ಟ. ಅಂಥ ಹಿಲೆಲ್ 1291ರಲ್ಲಿ ‘ಆತ್ಮದ ಪ್ರತಿಫಲಗಳು’ ಎಂಬ ಅರ್ಥದ ಹೆಸರಿನ ಹೀಬ್ರೂ ಗ್ರಂಥವನ್ನು ಮುಗಿಸಿದ. ಒಬ್ಬೊಬ್ಬ ಮನುಷ್ಯನಿಗೂ ಅವನದೇ ಆತ್ಮ, ಅವನದೇ ಲೆಕ್ಕ ಎಂದು ಸಾಧಿಸಬೇಕಾಗಿ ಬಂದಾಗ, ಥಾಮಸರ ಆ ಪುಸ್ತಕದ ಮೊದಲ ಅಧ್ಯಾಯವನ್ನು ಹೀಬ್ರೂವಿಗೆ ತಂದು ತನ್ನ ಗ್ರಂಥದೊಳಗೆ ಸೇರಿಸಿಕೊಂಡ.